ಕಡಲಿಗೆ ಸರ್ವೆ ನಂಬರ್ ಇಲ್ಲ: ಕೊಯಮತ್ತೂರಿನಿಂದ ಕೇದರ್ ಮೀನಿನವರೆಗೆ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗೆ ಸಮುದ್ರತೀರವಿಲ್ಲ. ಆದರೂ ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆಯ ಆಡಳಿತ ಚರಿತ್ರೆಯನ್ನು ಬರೆಯಹೊರಟವರು ಈ ಒಳನಾಡನ್ನು ಹಾದುಹೋಗಲೇಬೇಕು. 1887ರಲ್ಲಿ ಪ್ರಕಟವಾದ ಕೊಯಮತ್ತೂರು ಜಿಲ್ಲಾ ಕೈಪಿಡಿಯನ್ನು ಸಿದ್ಧಪಡಿಸಿದ ಫ್ರೆಡರಿಕ್ ನಿಕಲ್ಸನ್ ಎಂಬ ಸಿವಿಲ್ ಅಧಿಕಾರಿಯೇ 1905ರಿಂದ ಪ್ರಾಂತ್ಯದ ಮೀನುಗಾರಿಕೆಯ ಹೊಣೆ ಹೊತ್ತರು. ಕೈಪಿಡಿಯ ಕೊಯಮತ್ತೂರಿನಲ್ಲಿ ಇಂದಿನ ತಿರುಪ್ಪೂರೂ ಇತ್ತು, 1956ರಲ್ಲಿ ಮೈಸೂರಿಗೆ ಸೇರಿದ ಕೊಳ್ಳೇಗಾಲವೂ ಇತ್ತು. ದಕ್ಷಿಣ ಕನ್ನಡವೂ ಆಗ ಮದ್ರಾಸಿನದೇ. ಟ್ಯೂನಾ ಮೀನಿನ ನೆಲೆಯಾದ ಅಮಿನ್‌ದೀವಿ ದ್ವೀಪಗಳು ಅದೇ 1956ರವರೆಗೆ ಮಂಗಳೂರಿನ ಕಲೆಕ್ಟರರ ಅಧೀನದಲ್ಲಿದ್ದವು.

ನಿಕಲ್ಸನ್ನರು ಪಳಗಿದ್ದು ರೈತವಾರಿ ಪದ್ಧತಿಯ ಲೆಕ್ಕದಲ್ಲಿ. ಅಲ್ಲಿ ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು, ವಿಸ್ತೀರ್ಣ, ಮಣ್ಣಿನ ತರಗತಿ. ಬೆಳೆ ಕುಗ್ಗಿದರೆ ಎಕರೆಗೆ ಎಷ್ಟು ಕುಗ್ಗಿತೆಂದು ಹೇಳಬಹುದು. ಕಡಲಿನಲ್ಲಿ ಆ ಛೇದ ಎಲ್ಲಿಂದ ಬರಬೇಕು? ಅವರ ಕಾಲದ ಇಲಾಖೆ ಹೆಚ್ಚಾಗಿ ಗಮನ ಕೊಟ್ಟದ್ದು ದಡಕ್ಕೆ ಬಂದ ಮೀನಿನ ಸಂಸ್ಕರಣೆಗೆ: ಉಪ್ಪು ಹಾಕುವುದು, ಎಣ್ಣೆ ತೆಗೆಯುವುದು, ಗೊಬ್ಬರ, ಡಬ್ಬೀಕರಣ. ನೀರಿನಲ್ಲಿ ಉಳಿದದ್ದೆಷ್ಟು ಎಂಬ ಪ್ರಶ್ನೆ ತೀವ್ರವಾದದ್ದು 1940ರ ದಶಕದಲ್ಲಿ, ಪಶ್ಚಿಮ ಕರಾವಳಿಯ ಬೂತಾಯಿ ಬಹುಮಟ್ಟಿಗೆ ಕಣ್ಮರೆಯಾದಾಗ. ಬಲೆ ಅತಿಯಾಯಿತೇ, ಕಡಲೇ ಬದಲಾಯಿತೇ ಎಂಬುದನ್ನು ಇಳಿದ ಮೀನಿನ ತೂಕವೊಂದೇ ಹೇಳಲಾರದು.

1947ರಲ್ಲಿ ಆರಂಭವಾದ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇಳಿದಾಣಗಳ ಮಾದರಿ ಸಮೀಕ್ಷೆಯನ್ನು ರೂಪಿಸಿತು. ಇಲ್ಲಿ ಎಕರೆಯ ಸ್ಥಾನಕ್ಕೆ ಬಂದದ್ದು ಪ್ರಯತ್ನ: ಎಷ್ಟು ದೋಣಿ, ಎಷ್ಟು ಗಂಟೆ, ಎಷ್ಟು ಬಲೆ. ಆದರೆ ಇದು ಹೊಲದಷ್ಟು ನಂಬಿಕಸ್ತ ಅಳತೆಯಲ್ಲ. ಟ್ಯೂನಾ ಗುಂಪಾಗಿ ಸಂಚರಿಸುವ ಮೀನು. ಒಟ್ಟು ಸಂಖ್ಯೆ ಕುಗ್ಗುತ್ತಿದ್ದರೂ ಉಳಿದವು ಗುಂಪು ಕಟ್ಟುತ್ತವೆ. ಆ ಗುಂಪನ್ನು ಹುಡುಕಿ ಸುತ್ತುವರಿಯುವ ಪರ್ಸೀನ್ ಬಲೆಗೆ ಪ್ರತಿ ಸಲವೂ ಮೀನು ತುಂಬುತ್ತದೆ. ಅಂಕಿಯಲ್ಲಿ ಎಲ್ಲವೂ ಸೊಗಸಾಗಿ ಕಾಣುತ್ತದೆ.

ತೌಲನಿಕ ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಕಾಡಿದ್ದು ಇನ್ನೊಂದು ತೊಡಕು, ಹೆಸರಿನದು. ಮಂಗಳೂರಿನಲ್ಲಿ ಕೇದರ್, ತಮಿಳಿನಲ್ಲಿ ಸೂರೈ, ಮಲಯಾಳಂನಲ್ಲಿ ಚೂರ. ಅನುವಾದಕರು ಇವನ್ನು ಸಮಾನಪದಗಳೆಂದು ನೆಮ್ಮದಿಯಿಂದ ಬರೆದುಕೊಳ್ಳಬಹುದು. ಸಂತತಿಯ ಅಂದಾಜು ಮಾಡುವವರಿಗೆ ಆ ನೆಮ್ಮದಿ ಇಲ್ಲ. ಈ ಒಂದೊಂದು ಪದದ ಅಡಿಯಲ್ಲೂ ಕರಾವಳಿಯ ಸಮೀಪದ ಕವಕವ, ಚಿಕ್ಕ ಗಾತ್ರದ ಫ್ರಿಗೇಟ್ ಮತ್ತು ಬುಲೆಟ್, ಉದ್ದಬಾಲದ ಟ್ಯೂನಾ, ಕೆಲವೆಡೆ ಆಳಗಡಲಿನ ಸ್ಕಿಪ್‌ಜಾಕ್ ಕೂಡ ಅಡಗಿವೆ. ಇವುಗಳ ಬೆಳವಣಿಗೆ, ಪ್ರೌಢವಯಸ್ಸು, ವಲಸೆ ಬೇರೆಬೇರೆ. ಒಂದೇ ಕಾಲಂನಲ್ಲಿ ಕೂಡಿಸಿದರೆ ಒಂದರ ಏರಿಕೆ ಇನ್ನೊಂದರ ಇಳಿತವನ್ನು ಮುಚ್ಚುತ್ತದೆ. ಮಾರುಕಟ್ಟೆಯ ಭಾಷೆಗೆ ಆ ಭೇದ ಬೇಕಿಲ್ಲ, ಅದು ತಪ್ಪೂ ಅಲ್ಲ. ತಪ್ಪಿರುವುದು ಮಾರುಕಟ್ಟೆಯ ಪದವನ್ನೇ ಪ್ರಭೇದದ ಪದವೆಂದು ದಾಖಲೆಗೆ ಎತ್ತಿಕೊಂಡಾಗ.

ಹಿಂದೂ ಮಹಾಸಾಗರ ಟ್ಯೂನಾ ಆಯೋಗದ ಕೆಲಸದಲ್ಲೂ ಇದರ ಛಾಯೆಯಿದೆ. ಕವಕವ, ಉದ್ದಬಾಲದಂಥ ಕರಾವಳಿ ಟ್ಯೂನಾಗಳಿಗೆ ನೆಚ್ಚಬಹುದಾದ ಪ್ರಯತ್ನದ ಅಂಕಿ ಸಾಲದೆ, ಹಿಡಿದ ತೂಕವನ್ನಷ್ಟೇ ಆಧರಿಸಿದ ವಿಧಾನಗಳಿಗೆ ಮೊರೆಹೋಗಬೇಕಾಯಿತು. ದಾಖಲೆ ಹೆಚ್ಚಿರುವ ಹಳದಿ ರೆಕ್ಕೆಯ ಟ್ಯೂನಾದ ಕಥೆಯೂ ಸರಳವಲ್ಲ. 2015ರಲ್ಲಿ ಅದು ಅತಿಬೇಟೆಗೆ ಒಳಗಾಗಿದೆಯೆಂದು ವಿಜ್ಞಾನಿಗಳ ಸಮಿತಿ ತೀರ್ಮಾನಿಸಿತು. 2024ರ ಅಂದಾಜು ಆ ಸ್ಥಿತಿ ಈಗಿಲ್ಲವೆಂದಿತು. ಈ ತಿರುವಿಗೆ ಒಂದು ಕಾರಣ, ಲಾಂಗ್‌ಲೈನ್ ದೋಣಿಗಳ ಪ್ರಯತ್ನವಾರು ಹಿಡಿತದ ಸರಣಿಯನ್ನು ಹೊಸದಾಗಿ ಕಟ್ಟಿದ್ದು. ಮೀನು ಹೆಚ್ಚಿತೋ, ಛೇದ ಬದಲಾಯಿತೋ ಎಂದು ನಿಕಲ್ಸನ್ನರಂಥ ಕಂದಾಯದ ಮನುಷ್ಯ ಖಂಡಿತ ಕೇಳುತ್ತಿದ್ದರು.

ಕೊಯಮತ್ತೂರಿನ ಉಕ್ಕಡಂ ಮೀನು ಮಾರುಕಟ್ಟೆಗೆ ಮೀನು ಬರುವುದು ಐಸ್ ಪೆಟ್ಟಿಗೆಗಳಲ್ಲಿ. ಮನೆಯಲ್ಲಿ ಕನ್ನಡವಾಡುವ ಗಿರಾಕಿಯೂ ಅಲ್ಲಿ ಸೂರೈ ಎಂದೇ ಕೇಳುತ್ತಾರೆ. ಕವಕವದ ಎದೆರೆಕ್ಕೆಯ ಕೆಳಗೆ ಕಪ್ಪು ಚುಕ್ಕೆಗಳಿರುತ್ತವೆ. ಸ್ಕಿಪ್‌ಜಾಕ್‌ನ ಹೊಟ್ಟೆಯ ಮೇಲೆ ಉದ್ದುದ್ದ ಪಟ್ಟೆಗಳು. ಫ್ರಿಗೇಟ್‌ನ ಬೆನ್ನಿನ ಎರಡು ರೆಕ್ಕೆಗಳ ನಡುವೆ ಅಗಲವಾದ ಅಂತರ. ಮೀನನ್ನು ತುಂಡರಿಸಿ ತಕ್ಕಡಿಗೆ ಹಾಕುವ ಹೊತ್ತಿಗೆ ಈ ಗುರುತುಗಳೊಂದೂ ಉಳಿದಿರುವುದಿಲ್ಲ. ಅವನ್ನು ನೋಡಿ ಬರೆದುಕೊಳ್ಳಬೇಕಾದ ಜಾಗ ದಕ್ಕೆ, ದೋಣಿ ಬರಿದಾಗುವ ಆ ಕೆಲವು ನಿಮಿಷಗಳಲ್ಲಿ.