ಬೀದರ್: ಕೆಂಪುಕಲ್ಲು ಕಟ್ಟಿದ ಊರು

ಔರಾದಿನ ಕಡೆಯಿಂದ ಮಾಂಜ್ರಾ ನದಿ ದಾಟಿ ಬೀದರಿಗೆ ಬರುವವರ ಕಣ್ಣೆದುರೇ ನೆಲದ ಬಣ್ಣ ಬದಲಾಗುತ್ತದೆ. ನದಿಯ ಇಕ್ಕೆಲದಲ್ಲೂ ಕಪ್ಪು ಎರೆಭೂಮಿ. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆ ಬಂದರೆ ಬಾಯಿಬಿಟ್ಟು ಬಿರಿಯುತ್ತದೆ. ದಾರಿ ಏರು ಹತ್ತುತ್ತಿದ್ದಂತೆ ಆ ಕಪ್ಪು ಹಿಂದೆ ಸರಿದು ನೆಲ ಕೆಂಪಾಗುತ್ತದೆ. ದಿಬ್ಬದ ಅಂಚಿಗೆ ತಲುಪಿದರೆ ಜೇನುಹುಟ್ಟಿನಂತೆ ತೂತುಬಿದ್ದ ಕೆಂಪುಕಲ್ಲು, ಅದರ ಮೇಲೆ ಅದೇ ಕಲ್ಲಿನ ಕೋಟೆಗೋಡೆ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮೇಲಿರುವ ಈ ಚಪ್ಪಟೆ ದಿಬ್ಬದ ತುದಿಯಲ್ಲಿ ಬೀದರ್ ಕೂತಿದೆ. ಈ ಊರಿನ ಚರಿತ್ರೆಯನ್ನು ಸಾಮಾನ್ಯವಾಗಿ ರಾಜವಂಶಗಳ ಸರಣಿಯಾಗಿ ಬರೆಯುತ್ತಾರೆ: ಬಹಮನಿಗಳು, ಬರೀದ್‌ಶಾಹಿಗಳು, ಆದಿಲ್‌ಶಾಹಿಗಳು, ಮೊಗಲರು, ನಿಜಾಮರು. ಆ ಸರಣಿಯಲ್ಲಿ ತಪ್ಪಿಲ್ಲ. ಆದರೆ ಇವರೆಲ್ಲರಿಗಿಂತ ಮೊದಲೇ ಇಲ್ಲಿದ್ದು ಇವರೆಲ್ಲರ ನಂತರವೂ ಉಳಿದದ್ದು ಈ ಕೆಂಪುಕಲ್ಲು ಮತ್ತು ಅದರೊಳಗಿನ ನೀರು. ಬೀದರಿನ ದೇವಸ್ಥಾನ, ಗುರುದ್ವಾರ, ಕೋಟೆ, ಸುರಂಗಗಳನ್ನು ಬೇರೆಬೇರೆ ಸ್ಮಾರಕಗಳೆಂದು ಎಣಿಸುವುದಕ್ಕಿಂತ, ಒಂದೇ ಕಲ್ಲನ್ನು ಬಲ್ಲ ಜನರ ಬೇರೆಬೇರೆ ಕಾಲದ ಕೆಲಸಗಳೆಂದು ಓದುವುದು ಹೆಚ್ಚು ಸರಿ. ಹಾಗೆ ಓದಿದರೆ ಏನನ್ನು ಉಳಿಸಿಕೊಳ್ಳಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಮೊದಲು ಕಲ್ಲಿನ ಮಾತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು ಲಾವಾ ಪದರಪದರವಾಗಿ ಹರಿದು ಹೆಪ್ಪುಗಟ್ಟಿತು. ಆ ಹೆಪ್ಪೇ ಬಯಲಿನಲ್ಲೆಲ್ಲ ಸಿಗುವ ಕರಿಕಲ್ಲು, ಅಂದರೆ ಬಸಾಲ್ಟ್. ಮುಂದೆ ಬಿಸಿಲು ಮಳೆಗಳೆರಡೂ ಧಾರಾಳವಾಗಿದ್ದ ದೀರ್ಘ ಕಾಲದಲ್ಲಿ ಈ ಕರಿಕಲ್ಲಿನ ಮೇಲ್ಭಾಗ ನಿಧಾನಕ್ಕೆ ಕೊಳೆಯಿತು. ಇಳಿದು ಹೋಗುವ ನೀರು ಸಿಲಿಕಾ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿ ಒಯ್ದಿತು. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು, ತುಕ್ಕಿನ ಬಣ್ಣ ತಳೆದು, ತೂತುತೂತಾದ ಗಟ್ಟಿ ಹೊದಿಕೆಯಾದವು. ನಾವು ಜಂಬಿಟ್ಟಿಗೆ ಎಂದು ಕರೆಯುವ ಕಲ್ಲು ಇದು. ಅದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ, ಮಲಬಾರ್ ಸುತ್ತಿ 1807ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ, ಮಲಬಾರಿನ ಜನ ಇದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡು, ಇಟ್ಟಿಗೆಗಿರುವ ಲ್ಯಾಟಿನ್ ಪದದಿಂದ ಆ ಹೆಸರು ಮಾಡಿದ. ನೆಲದೊಳಗಿರುವಾಗ ಗುದ್ದಲಿಗೆ ಬಗ್ಗುವ ಈ ಕಲ್ಲು ಗಾಳಿ ಬಿಸಿಲಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. ಸುತ್ತಲ ನೆಲ ಸವೆದು ತಗ್ಗಾದರೂ ಬೀದರ್ ದಿಬ್ಬ ಎತ್ತರದಲ್ಲೇ ಉಳಿದದ್ದು ಈ ಗಟ್ಟಿ ಟೋಪಿಯಿಂದಾಗಿ. ಇದು ಸ್ಥಳೀಯ ಕೌತುಕವಷ್ಟೇ ಅಲ್ಲ. ಕಲ್ಲು ಕೊಳೆಯುವಾಗ ಲಿಥಿಯಂ ಐಸೋಟೋಪುಗಳು ಏನಾಗುತ್ತವೆ ಎಂದು ತಿಳಿಯಲು ಬೀದರಿನ ಜಂಬಿಟ್ಟಿಗೆಯ ಪದರಗಳನ್ನೇ ಮಾದರಿಯಾಗಿ ಅಳೆದ ಅಧ್ಯಯನ 2004ರಲ್ಲಿ ಪ್ರಕಟವಾಗಿದೆ. ಕಲ್ಲಿನಿಂದ ನೀರು ಏನೇನನ್ನು ಕದ್ದೊಯ್ಯುತ್ತದೆ ಎಂಬ ಜಗತ್ತಿನ ಪ್ರಶ್ನೆಗೆ ಈ ದಿಬ್ಬವೂ ಒಂದು ಸಾಕ್ಷಿ ಹೇಳಿದೆ.

ಈ ರಚನೆಯಿಂದ ನೀರಿಗೆ ಒಂದು ನಡೆ ಒದಗಿತು. ಎರೆಮಣ್ಣಿನ ಮೇಲೆ ಬಿದ್ದ ಮಳೆಯಲ್ಲಿ ಬಹುಪಾಲು ಮೇಲೆಯೇ ಹರಿದು ಹೋಗುತ್ತದೆ, ಇಲ್ಲವೇ ಆ ಜಿಗುಟು ಮಣ್ಣಿನಲ್ಲೇ ನಿಂತು ಆವಿಯಾಗುತ್ತದೆ. ಜಂಬಿಟ್ಟಿಗೆಯ ಮೇಲೆ ಬಿದ್ದದ್ದು ಅದರ ತೂತು ಬಿರುಕುಗಳಲ್ಲಿ ಇಳಿಯುತ್ತದೆ. ಇಳಿದು ಇಳಿದು ಜಂಬಿಟ್ಟಿಗೆಯ ತಳದ ಜೇಡಿಗೂ ಅದರಡಿಯ ಕರಿಕಲ್ಲಿಗೂ ಮುಟ್ಟಿದಾಗ ಮುಂದೆ ದಾರಿಯಿಲ್ಲ. ಅಲ್ಲಿ ತಡೆದ ನೀರು ಅಡ್ಡಕ್ಕೆ ಹರಿದು ದಿಬ್ಬದ ಅಂಚಿನಲ್ಲಿ ಹೊರಬೀಳುತ್ತದೆ. ಬೀದರಿನ ಪುಣ್ಯಕ್ಷೇತ್ರಗಳು ಎಲ್ಲೆಲ್ಲಿವೆ ಎಂದು ಗಮನಿಸಿದರೆ ಅವು ಈ ಹೊರಬೀಳುವ ಜಾಗಗಳನ್ನೇ ಹಿಡಿದುಕೊಂಡಿವೆ. ಝರಣಿ ನರಸಿಂಹನ ದರ್ಶನಕ್ಕೆ ಭಕ್ತರು ಬೆಟ್ಟದೊಳಗಿನ ಸುರಂಗದಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದು ಹೋಗಬೇಕು. ಅಲ್ಲಿ ದೇವರಿಗಿಂತ ಮೊದಲು ನೀರೇ ಎದುರುಗೊಳ್ಳುತ್ತದೆ. ಪಾಪನಾಶದ ಶಿವಾಲಯದ ಬಳಿಯೂ ಒರತೆ. ಗುರುನಾನಕರು ಈ ಕಡೆ ಬಂದಾಗ ಜನ ಸಿಹಿನೀರಿಲ್ಲದೆ ಬಳಲುತ್ತಿದ್ದರೆಂದೂ, ಅವರು ಪಾದದಿಂದ ಕಲ್ಲೊಂದನ್ನು ಸರಿಸಿದಾಗ ನೀರು ಚಿಮ್ಮಿತೆಂದೂ ಸಿಖ್ಖರ ನಂಬಿಕೆ. ಆ ಒರತೆಯ ಬಳಿಯೇ ಗುರುನಾನಕ್ ಝೀರಾ ಸಾಹಿಬ್ ಇದೆ. ನಂಬಿಕೆಯನ್ನು ಭೂವಿಜ್ಞಾನ ಅಲ್ಲಗಳೆಯಬೇಕಿಲ್ಲ. ಕಲ್ಲು ಸರಿಸಿದರೆ ನೀರು ಬರಬಹುದಾದ ಜಾಗ ಅದು ಎಂದಷ್ಟೇ ಅದು ಹೇಳುತ್ತದೆ. ಮೂರು ಕಡೆಯ ಭಕ್ತರು ಮೂರು ಹೆಸರಿನಲ್ಲಿ ತೀರ್ಥವೆಂದು ತಲೆಗೆ ಚಿಮುಕಿಸಿಕೊಳ್ಳುವುದು ಒಂದೇ ದಿಬ್ಬ ಕುಡಿದಿಟ್ಟ ಮಳೆಯನ್ನು.

ಇನ್ನು ರಾಜಧಾನಿಯ ಪ್ರಶ್ನೆ. 1422ರಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಶಾ ಬಹಮನಿ ಕಲಬುರಗಿಯನ್ನು ಬಿಟ್ಟು ಬೀದರನ್ನು ರಾಜಧಾನಿ ಮಾಡಿಕೊಂಡ. ಕೋಟೆಯ ಕೆಲಸ 1432ರ ವೇಳೆಗೆ ಮುಗಿಯಿತು. ಬೇಟೆನಾಯಿಗೆ ನರಿಯೊಂದು ತಿರುಗಿಬಿದ್ದದ್ದನ್ನು ಕಂಡು ಇದು ಗಂಡುಮೆಟ್ಟಿನ ನೆಲವೆಂದು ಅವನು ನಿರ್ಧರಿಸಿದ ಎಂಬ ಕತೆಯನ್ನು ಚರಿತ್ರಕಾರರು ಹೇಳಿಕೊಂಡು ಬಂದಿದ್ದಾರೆ. ಇಲ್ಲಿ ಒಂದು ಆಕ್ಷೇಪ ಏಳುತ್ತದೆ: ರಾಜಧಾನಿ ಬದಲಾದದ್ದು ರಾಜಕೀಯದಿಂದ. ಅಣ್ಣ ಫಿರೋಜ್ ಶಾನೊಡನೆ ಹೋರಾಡಿ ಸಿಂಹಾಸನ ಪಡೆದವನಿಗೆ ಹಳೆಯ ಪಟ್ಟಣದ ಬಣಗಳು ಬೇಡವಾಗಿದ್ದವು. ಸಾಮ್ರಾಜ್ಯದ ನಡುಭಾಗಕ್ಕೂ ಪೂರ್ವದ ತೆಲಂಗಾಣಕ್ಕೂ ಬೀದರ್ ಹತ್ತಿರ. ಹೀಗಿರುವಾಗ ಇದಕ್ಕೆಲ್ಲ ಕಲ್ಲನ್ನು ಕಾರಣ ಮಾಡುವುದು ಅತಿಯಲ್ಲವೇ? ಆಕ್ಷೇಪದಲ್ಲಿ ಹುರುಳಿದೆ. ಕಲಬುರಗಿಯನ್ನು ಏಕೆ ಬಿಟ್ಟ ಎಂಬುದಕ್ಕೆ ರಾಜಕೀಯವೇ ಉತ್ತರ, ಕಲ್ಲು ಅಲ್ಲ. ಆದರೆ ಎಲ್ಲಿಗೆ ಹೋದ ಎಂಬುದು ಬೇರೆ ಪ್ರಶ್ನೆ. ಸೈನ್ಯ, ಆನೆ, ಕುದುರೆ, ಅರಮನೆ, ತೋಟ, ಪೇಟೆಗಳನ್ನೆಲ್ಲ ಹೊತ್ತ ಪಟ್ಟಣವನ್ನು ಎತ್ತರದ ದಿಬ್ಬದ ಮೇಲೆ ಕಟ್ಟಬೇಕಾದರೆ ಎತ್ತರದಲ್ಲೇ ನೀರಿರಬೇಕು. ನೀರು ಸಿಗುವುದು ಹೆಚ್ಚಾಗಿ ತಗ್ಗಿನಲ್ಲಿ, ಕಾವಲಿಗೆ ಬೇಕಾದದ್ದು ಎತ್ತರ. ಇವೆರಡೂ ಒಂದೇ ಕಡೆ ಒದಗುವ ಜಾಗ ಅಪರೂಪ. ಬೀದರಿನ ಜಂಬಿಟ್ಟಿಗೆ ಆ ಅಪರೂಪವನ್ನು ಒದಗಿಸಿತು. ಅರಸ ಬಯಸಿದ, ಕಲ್ಲು ಒಪ್ಪಿಕೊಂಡಿತು. ಊರು ಕಟ್ಟಲು ಎರಡೂ ಬೇಕಿತ್ತು.

ಕೋಟೆಯನ್ನೇ ನೋಡಿದರೂ ಇದು ಗೊತ್ತಾಗುತ್ತದೆ. ಅದರ ಪ್ರಸಿದ್ಧವಾದ ಮೂರು ಸಾಲಿನ ಕಂದಕ ಕಟ್ಟಿದ್ದಲ್ಲ, ಇಡಿಯ ಬಂಡೆಯಲ್ಲಿ ಕಡಿದದ್ದು. ನಡುವೆ ಬಂಡೆಯನ್ನೇ ಗೋಡೆಯಾಗಿ ಉಳಿಸಿ ಎರಡು ಬದಿ ತೋಡುತ್ತಾ ಹೋಗಿದ್ದಾರೆ. ಕರಿಕಲ್ಲಿನಲ್ಲಿ ಈ ಕೆಲಸಕ್ಕೆ ಹಲವು ಪಟ್ಟು ಶ್ರಮ ಬೇಕಾಗುತ್ತಿತ್ತು. ಜಂಬಿಟ್ಟಿಗೆಯಲ್ಲಿ ಕಡಿಯುವ ಮೊದಲು ಮೆದು, ಕಡಿದ ಮೇಲೆ ಗಟ್ಟಿ. ಅಗೆದು ತೆಗೆದ ಕಲ್ಲು ಗೋಡೆಗಾಯಿತು, ತೆಗೆದ ಜಾಗ ಕಂದಕವಾಯಿತು.

ಈ ಕಲ್ಲಿನ ತಿಳಿವಳಿಕೆ ತುತ್ತತುದಿ ಮುಟ್ಟಿದ್ದು ಕರೇಜ್‌ಗಳಲ್ಲಿ. ನೌಬಾದ್, ಶುಕ್ಲತೀರ್ಥ, ಜಮುನಾ ಮೋರಿ ಎಂಬ ಹೆಸರುಗಳಲ್ಲಿ ಇವು ಉಳಿದಿವೆ. ನೌಬಾದಿನದು ಇವುಗಳಲ್ಲಿ ಪ್ರಸಿದ್ಧ. ಕರೇಜ್ ಎಂದರೆ ನೆಲದೊಳಗಿನ ಕಾಲುವೆ. ಅಂತರ್ಜಲ ಖಾತ್ರಿಯಾಗಿರುವ ಕಡೆ ಮೊದಲು ಮೂಲಬಾವಿ ತೋಡುತ್ತಾರೆ. ಅದರ ತಳದಿಂದ ಇಳಿಜಾರು ಗೊತ್ತಾಗದಷ್ಟು ಸಣ್ಣಗಿರುವಂತೆ ಸುರಂಗ ಕೊರೆಯುತ್ತಾರೆ. ಇಳಿಜಾರು ಜಾಸ್ತಿಯಾದರೆ ನೀರು ರಭಸಕ್ಕೆ ತಳ ಕೊರೆಯುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ನಡುನಡುವೆ ನೆಟ್ಟಗೆ ಇಳಿಯುವ ಬಾವಿಗಳಿಂದ ಮಣ್ಣು ಮೇಲೆತ್ತುತ್ತಾರೆ. ಕೆಲಸಗಾರರಿಗೆ ಗಾಳಿ ಬರುವುದೂ ಅಲ್ಲಿಂದಲೇ, ಮುಂದೆ ಊರಿನವರು ನೀರು ಸೇದುವುದೂ ಅಲ್ಲಿಂದಲೇ. ನೌಬಾದಿನಲ್ಲಿ ಇಂಥ ಬಾವಿಗಳು ಇಪ್ಪತ್ತಕ್ಕೂ ಹೆಚ್ಚಿವೆ, ಸುರಂಗ ಎರಡು ಕಿಲೋಮೀಟರಿಗೂ ಉದ್ದ. ಎತ್ತುಗಳಿಲ್ಲ, ಏತವಿಲ್ಲ, ಯಂತ್ರವಿಲ್ಲ, ನೀರು ತನ್ನ ಭಾರದಿಂದಲೇ ನಡೆಯುತ್ತದೆ. ಕೇರಳದ ಚಿತ್ತೂರಿನ ಸರ್ಕಾರಿ ಕಾಲೇಜಿನ ಭೂಗೋಳಶಾಸ್ತ್ರಜ್ಞ ವಿ. ಗೋವಿಂದನ್‌ಕುಟ್ಟಿ ಇವುಗಳ ನಕ್ಷೆ ತಯಾರಿಸಿ, ಕಲ್ಲಿನ ಬಿರುಕು ಸಾಲುಗಳಿಗೂ ಸುರಂಗದ ದಾರಿಗೂ ಇರುವ ನಂಟನ್ನು ತೋರಿಸಿಕೊಟ್ಟರು. ಹದಿನೈದನೆಯ ಶತಮಾನದವರ ಕೈಯಲ್ಲಿ ಉಪಗ್ರಹ ಚಿತ್ರ ಇರಲಿಲ್ಲ. ಒರತೆ ಎಲ್ಲಿ ಒಸರುತ್ತದೆ, ಬೇಸಿಗೆಯಲ್ಲಿ ಹಸಿರು ಎಲ್ಲಿ ಉಳಿಯುತ್ತದೆ, ಬಾವಿ ಎಲ್ಲಿ ಬತ್ತುವುದಿಲ್ಲ ಎಂಬ ನೋಟವಿತ್ತು.

ಎರಡನೆಯ ಆಕ್ಷೇಪ ಇಲ್ಲಿ ಬರುತ್ತದೆ: ಕರೇಜ್ ಇರಾನಿನ ವಿದ್ಯೆ, ಅದನ್ನು ಬೀದರಿನ ನೆಲದ ಗುಣವೆಂದು ಏಕೆ ಹೇಳಬೇಕು? ವಿದ್ಯೆ ಇರಾನಿನದೆಂಬುದು ನಿಜ. ಅಡಗಿದ ನೀರನ್ನು ಹೊರತೆಗೆಯುವ ಬಗ್ಗೆ ಅಲ್ ಕರಜಿ ಎಂಬ ಗಣಿತಜ್ಞ ಹನ್ನೊಂದನೆಯ ಶತಮಾನದ ಆರಂಭದಲ್ಲೇ ಪುಸ್ತಕ ಬರೆದಿದ್ದ. ಕರೇಜಿಗೆ ಅಲ್ಲಿನ ಇನ್ನೊಂದು ಹೆಸರು ಕನಾತು. ಇರಾನಿನ ಹನ್ನೊಂದು ಕನಾತುಗಳು 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಬೀದರಿನ ನಂಟಂತೂ ಇನ್ನೂ ಹತ್ತಿರದ್ದು. ಅಹ್ಮದ್ ಶಾ ಗುರುವೆಂದು ನಡೆದುಕೊಂಡ ಶಾ ನಿಯಾಮತುಲ್ಲಾ ಇದ್ದದ್ದು ಕನಾತುಗಳಿಗೆ ಹೆಸರಾದ ಕಿರ್ಮಾನ್ ಪ್ರಾಂತದ ಮಹಾನ್ ಊರಿನಲ್ಲಿ. ಆ ಮನೆತನದವರು ಬೀದರಿಗೆ ಬಂದು ನೆಲೆಸಿದರು. ಅಷ್ಟೂರಿನ ದಾರಿಯಲ್ಲಿರುವ, ಆ ಮನೆತನದ ಖಲೀಲುಲ್ಲಾನ ಗೋರಿಯಾದ ಚೌಖಂಡಿ ಅದರ ಗುರುತು. ಮುಂದೆ 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನಿನವನು. ಇಷ್ಟು ಜನ ಬಂದ ಮೇಲೆ ವಿದ್ಯೆ ಬಾರದಿರುವುದೇ ಆಶ್ಚರ್ಯ. ಆದರೆ ವಿದ್ಯೆ ಬಂದ ಕಡೆಯಲ್ಲೆಲ್ಲ ಬೇರು ಬಿಡುವುದಿಲ್ಲ. ಇರಾನಿನಲ್ಲಿ ಕನಾತು ಬೆಟ್ಟದ ಬುಡದ ಮೆಕ್ಕಲಿನಲ್ಲಿ ಹರಿಯುತ್ತದೆ. ಬೀದರಿನಲ್ಲಿ ಅದು ಜಂಬಿಟ್ಟಿಗೆಯಲ್ಲಿ ಹೊಸದಾಗಿ ಹುಟ್ಟಬೇಕಾಯಿತು. ಅದೇ ಕಲ್ಲು ಇರುವ ನಮ್ಮ ಕರಾವಳಿಯನ್ನು ನೋಡಿ. ದಕ್ಷಿಣ ಕನ್ನಡ, ಕಾಸರಗೋಡುಗಳ ಗುಡ್ಡದ ಮುರಕಲ್ಲಿನಲ್ಲಿ ರೈತರು ಅಡ್ಡಕ್ಕೆ ಸುರಂಗ ಕೊರೆದು ಇಂದಿಗೂ ಅಡಿಕೆತೋಟಕ್ಕೆ ನೀರು ಹಾಯಿಸುತ್ತಾರೆ. ಒಬ್ಬಂಟಿಯಾಗಿ ಸುರಂಗ ಕೊರೆದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಅಲ್ಲಿ ಸುಲ್ತಾನನಿಲ್ಲ, ಬೀದರಿನಲ್ಲಿದ್ದಂಥ ಆಸ್ಥಾನವಿಲ್ಲ. ಎರಡೂ ಕಡೆ ಸಮಾನವಾದದ್ದು ಕೈಗೆ ಬಗ್ಗುವ, ಕುಸಿಯದೆ ನಿಲ್ಲುವ, ನೀರು ಹಿಡಿಯುವ ಕಲ್ಲು.

ಮೂರನೆಯ ಆಕ್ಷೇಪ ಇಂದಿನದು, ಹಾಗಾಗಿ ಹೆಚ್ಚು ತೂಕದ್ದು. ಈಗ ನಲ್ಲಿ ನೀರಿದೆ, ಜಲಾಶಯವಿದೆ, ಬೋರ್‌ವೆಲ್ ಇದೆ. ಕರೇಜ್ ಹೂಳೆತ್ತುವುದು ಹಳೆಯದರ ಮೇಲಿನ ಮೋಹ ಮಾತ್ರ, ಲಕ್ಷಗಟ್ಟಲೆ ಜನರ ಬಾಯಾರಿಕೆ ಅದರಿಂದ ತಣಿಯದು ಎಂಬ ವಾದ. ಕರೇಜ್ ಒಂದರಿಂದಲೇ ಇಂದಿನ ನಗರಕ್ಕೆ ನೀರು ಸಾಲದು ಎಂಬುದನ್ನು ಒಪ್ಪಲೇಬೇಕು. ಆದರೆ 2016ರ ಏಪ್ರಿಲ್‌ನಲ್ಲಿ ನೆರೆಯ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ನೀರು ತರಬೇಕಾಗಿ ಬಂದದ್ದನ್ನು ಮರೆಯಬಾರದು. ಲಾತೂರು ನಂಬಿದ್ದದ್ದು ಇದೇ ಮಾಂಜ್ರಾ ನದಿಯನ್ನು. ನದಿ ಬತ್ತಿದರೆ ಜಲಾಶಯ ಬರಿದು. ಬೋರ್‌ವೆಲ್ಲಾದರೂ ಹೊಸ ನೀರು ಹುಟ್ಟಿಸುವುದಿಲ್ಲ. ಜಂಬಿಟ್ಟಿಗೆಯನ್ನು ದಾಟಿ ಕರಿಕಲ್ಲಿನ ಬಿರುಕಿಗಿಳಿಯುವ ಕೊಳವೆ, ಒರತೆಗೆ ಹೋಗಬೇಕಾದ ನೀರನ್ನೇ ಕೆಳಗಿನಿಂದ ಎಳೆಯುತ್ತದೆ. ಕರೇಜಿಗೆ ಒಂದು ಸಹಜ ಮಿತಿಯಿದೆ: ಅಂತರ್ಜಲ ಸುರಂಗದ ಮಟ್ಟಕ್ಕಿಂತ ಕೆಳಗಿಳಿದರೆ ಅದು ತಾನಾಗಿ ನಿಲ್ಲುತ್ತದೆ. ಮಳೆ ಕೊಟ್ಟಷ್ಟನ್ನೇ ಅದು ಊರಿಗೆ ಕೊಡುತ್ತದೆ. ಪಂಪಿಗೆ ಆ ಮಿತಿಯಿಲ್ಲ, ಬತ್ತುವವರೆಗೂ ಎಳೆಯುತ್ತದೆ. ಹಾಗಾಗಿ ನೌಬಾದಿನ ಬಾವಿಗಳಲ್ಲಿ ನೀರಿನ ಮಟ್ಟ ನೋಡಿದರೆ ದಿಬ್ಬದ ಒಟ್ಟು ಆರೋಗ್ಯ ತಿಳಿಯುತ್ತದೆ. ಕರೇಜ್ ನಗರಕ್ಕೆ ನೀರಿನ ಮೂಲವಷ್ಟೇ ಅಲ್ಲ, ನೀರಿನ ಲೆಕ್ಕವೂ ಹೌದು.

ಈ ತಿಳಿವಳಿಕೆಯಿಂದ ನೋಡಿದರೆ ಸಂರಕ್ಷಣೆ ಎಂಬ ಮಾತಿನ ಅರ್ಥವೂ ಬದಲಾಗಬೇಕಾಗುತ್ತದೆ. ಬೀದರಿನ ಐತಿಹಾಸಿಕ ನಗರ 2014ರ ವಿಶ್ವ ಸ್ಮಾರಕಗಳ ನಿಗಾ ಪಟ್ಟಿಗೆ ಸೇರಿತು. ಅದರ ಆಸುಪಾಸಿನ ವರ್ಷಗಳಲ್ಲಿ ನೌಬಾದಿನ ಸುರಂಗದ ಹೂಳೆತ್ತುವ ಕೆಲಸವೂ ನಡೆಯಿತು. ಒಳ್ಳೆಯ ಆರಂಭ. ಆದರೆ ಬಾವಿಯ ಬಾಯಿಗೆ ಕಟ್ಟೆ ಕಟ್ಟಿ, ಫಲಕ ನೆಟ್ಟು, ಸುತ್ತಲ ಕೆಂಪುನೆಲವನ್ನೆಲ್ಲ ಲೇಔಟು, ಡಾಂಬರು, ಕಾಂಕ್ರೀಟುಗಳಿಂದ ಮುಚ್ಚಿದರೆ ಉಳಿಯುವುದು ಒಣ ಸುರಂಗ ಮಾತ್ರ. ವರ್ಷಕ್ಕೆ ಬೀಳುವ ಮಳೆಗೆ ಇಳಿಯಲು ತೆರೆದ ನೆಲವಿಲ್ಲದಿದ್ದರೆ ಝರಣಿಯಲ್ಲಿ ಎದೆಮಟ್ಟ ನೀರು ಎಲ್ಲಿಂದ ಬರಬೇಕು? ತೂತುಕಲ್ಲಿನ ಗುಣವೇ ಅದರ ಅಪಾಯವೂ ಹೌದು. ಮಳೆಯನ್ನು ಬೇಗ ಇಳಿಸಿಕೊಳ್ಳುವಂತೆ ಚರಂಡಿಯನ್ನೂ ಕಸದ ರಸವನ್ನೂ ಅದು ಬೇಗ ಇಳಿಸಿಕೊಳ್ಳುತ್ತದೆ. ದಿಬ್ಬದ ಮೇಲೆ ಚೆಲ್ಲಿದ್ದು ಅಂಚಿನಲ್ಲಿ ತೀರ್ಥದ ಬಟ್ಟಲಿಗೆ ಬರುತ್ತದೆ.

ಆದ್ದರಿಂದ ಬೀದರಿನ ಪರಂಪರೆಯ ಗಡಿಯನ್ನು ಕೋಟೆಗೋಡೆಯ ಸುತ್ತ ಎಳೆದರೆ ಸಾಲದು, ಜಂಬಿಟ್ಟಿಗೆ ಮುಗಿದು ಕರಿಕಲ್ಲು ಶುರುವಾಗುವ ದಿಬ್ಬದ ಅಂಚಿನಲ್ಲಿ ಎಳೆಯಬೇಕು. ಎಲ್ಲಿ ಮಳೆ ಇಳಿಯುತ್ತದೆಯೋ ಅಲ್ಲಿ ಕಟ್ಟಡಕ್ಕೆ ಮಿತಿ, ಸುರಂಗದ ಹಾದಿಯ ಮೇಲೆ ಬೋರ್‌ವೆಲ್‌ಗೆ ತಡೆ, ಬಾವಿಗಳ ನೀರಿನ ಮಟ್ಟಕ್ಕೆ ವರ್ಷದುದ್ದದ ಲೆಕ್ಕ: ಇವು ಯಾವ ಗುಮ್ಮಟದ ದುರಸ್ತಿಗಿಂತಲೂ ಕಡಿಮೆಯ ಕೆಲಸಗಳಲ್ಲ. ಗುಮ್ಮಟ ಬಿರಿದರೆ ಗಾರೆಯವರು ಬಂದು ಸರಿಪಡಿಸಬಹುದು. ಕೋಟ್ಯಂತರ ವರ್ಷ ಮಳೆ ತಿದ್ದಿದ ಕಲ್ಲನ್ನು ಮತ್ತೆ ಮಾಡಿಕೊಡುವ ಕುಶಲಿಗಳು ಯಾವ ದೇಶದಲ್ಲೂ ಇಲ್ಲ. ಅರಸರು ಬಂದು ಹೋದ ಈ ಊರಿನಲ್ಲಿ ಝರಣಿ ಒಸರುತ್ತಿರುವಷ್ಟು ದಿನ ಬೀದರಿನ ಚರಿತ್ರೆ ನಡೆಯುತ್ತಲೇ ಇರುತ್ತದೆ.