ಒಂದು ಸೋಸುಪೊರೆಯ ಚರಿತ್ರೆ

ಸೋಸುವ ಕೆಲಸವಿಲ್ಲದ ಮನೆಯಿಲ್ಲ. ಬೆಳಗಿನ ಕಾಫಿಯ ಡಿಕಾಕ್ಷನ್ನು ಮೊದಲುಗೊಂಡು ಹುಣಿಸೆಯ ರಸ, ಬೆಲ್ಲದ ಪಾಕ, ತುಪ್ಪ, ಹೀಗೆ ದಿನಕ್ಕೆ ನಾಲ್ಕು ಸಲವಾದರೂ ನಮ್ಮ ಗೃಹಿಣಿಯರು ಜಾಲರಿಯನ್ನೋ ತೆಳುಬಟ್ಟೆಯನ್ನೋ ಕೈಗೆ ತೆಗೆದುಕೊಳ್ಳುತ್ತಾರೆ. ಇಷ್ಟು ಸಾಮಾನ್ಯವಾದ ಕೆಲಸವು ಎರಡು ರಾಷ್ಟ್ರಗಳ ನಡುವಣ ಮಾತುಕತೆಗೆ ವಿಷಯವಾದೀತೆಂದು 2021ರ ಯುಗಾದಿಯವರೆಗೆ ನಾನು ಎಣಿಸಿರಲಿಲ್ಲ.

ಆಗ ಪುಣೆಯ ಸ್ಥಿತಿ ಹೇಗಿತ್ತೆಂಬುದನ್ನು ಇಲ್ಲಿಯ ವಾಚಕರಿಗೆ ನೆನಪಿಸಬೇಕಾಗಿಲ್ಲ. ನಮ್ಮ ಅತ್ತೆಯವರನ್ನು ಎರಡನೆಯ ಚುಚ್ಚುಮದ್ದಿಗೆ ಕರೆದುಕೊಂಡು ಹೋಗಿ, ‘ಲಸಿಕೆ ಇಲ್ಲ’ ಎಂಬ ಹಲಗೆ ನೋಡಿ ಎರಡು ದಿನ ಹಿಂದಿರುಗಿದೆ. ನಮ್ಮ ಹಡಪ್ಸರದಲ್ಲೇ ಲಸಿಕೆ ತಯಾರಾಗುತ್ತಿರುವಾಗ ಹೀಗೇಕೆ? ಮಾರ್ಚಿಯಲ್ಲೇ ಸೀರಮ್ ಸಂಸ್ಥೆಯ ಮುಖ್ಯಸ್ಥರು, ಅಮೆರಿಕದ ಕಾಯಿದೆಯೊಂದರಿಂದ ಚೀಲಗಳೂ ಫಿಲ್ಟರುಗಳೂ ದೊರೆಯುವುದು ಕಷ್ಟವಾಗಿದೆಯೆಂದು ಹೇಳಿದ್ದರು. ಏಪ್ರಿಲ್ 16ರಂದು ಕಚ್ಚಾ ಸಾಮಗ್ರಿಯ ಮೇಲಣ ನಿರ್ಬಂಧವನ್ನು ತೆಗೆಯಬೇಕೆಂದು ಅಮೆರಿಕದ ಅಧ್ಯಕ್ಷರಿಗೇ ಬಹಿರಂಗವಾಗಿ ವಿನಂತಿಸಿಕೊಂಡರು. ನಾನು ಕಂಡ ಹಲಗೆಗೆ ಫಿಲ್ಟರೊಂದೇ ಕಾರಣವೆಂದು ಹೇಳಲಾರೆ, ಬೇಡಿಕೆಯೇ ಬೆಟ್ಟದಷ್ಟಿತ್ತು. ಆದರೆ ಇದೆಂಥ ಫಿಲ್ಟರು, ಇದನ್ನು ಮಾಡುವವರು ಯಾರು ಎಂಬ ಕುತೂಹಲ ಅಂದಿನಿಂದ ನನ್ನನ್ನು ಬಿಡಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದ್ದು ಒಂದು ತಕ್ಕಡಿಯ ಅಂಗಡಿ!

ಜರ್ಮನಿಯಲ್ಲಿ ಗಾಟಿಂಗೆನ್ ಎಂಬುದೊಂದು ವಿದ್ಯಾಪೀಠದ ಊರು. ಅಲ್ಲಿ 1870ರಲ್ಲಿ ಫ್ಲೋರೆಂಜ್ ಸಾರ್ಟೋರಿಯಸ್ ಎಂಬ ಕುಶಲಕರ್ಮಿಯು ಸೂಕ್ಷ್ಮ ಉಪಕರಣಗಳ ಸಣ್ಣ ಕಾರ್ಖಾನೆಯನ್ನು ತೆರೆದನು. ರಸಾಯನ ಪಂಡಿತರ ತಕ್ಕಡಿಗಳು ಆಗ ಉದ್ದ ತೋಳಿನವು. ತೂಗಾಟ ನಿಲ್ಲುವಷ್ಟರಲ್ಲಿ ತೂಗುವವನ ತಾಳ್ಮೆಯೇ ನಿಂತುಹೋಗುತ್ತಿತ್ತು. ಈತನು ಹಗುರವಾದ ಅಲ್ಯುಮಿನಿಯಮ್ಮಿನಿಂದ ಗಿಡ್ಡ ತೋಳಿನ ತಕ್ಕಡಿ ಮಾಡಿ ಹೆಸರು ಪಡೆದನು. ಒಡವೆಯ ಸಾಲಕ್ಕೆ ಬಂದ ಗಿರಾಕಿಗಳು ನಮ್ಮ ಬ್ಯಾಂಕಿನ ತಕ್ಕಡಿಯನ್ನು ನೋಡುವ ನೋಟವನ್ನು ದಿನವೂ ಕಾಣುವ ನನಗೆ, ಬೇಗ ನಿಲ್ಲುವ ತಕ್ಕಡಿಯ ಬೆಲೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ಊರಿನ ವಿದ್ಯಾಪೀಠದಲ್ಲಿ ರಿಚರ್ಡ್ ಜಿಗ್ಮಂಡಿ ಎಂಬ ಪ್ರಾಧ್ಯಾಪಕರಿದ್ದರು; ಹುಟ್ಟಿದ್ದು ವಿಯೆನ್ನಾದಲ್ಲಿ. ದ್ರವದಲ್ಲಿ ಕರಗದೆ, ತಳಕ್ಕೂ ಇಳಿಯದೆ ತೇಲುವ ಅತಿಸೂಕ್ಷ್ಮ ಕಣಗಳೇ ಅವರ ಅಭ್ಯಾಸದ ವಿಷಯ. 1925ನೆಯ ವರ್ಷದ ನೊಬೆಲ್ ಪಾರಿತೋಷಕ ಅವರಿಗೆ ದೊರೆತದ್ದೂ ಇದಕ್ಕಾಗಿಯೇ. ಆ ಕಣಗಳನ್ನು ಬೇರ್ಪಡಿಸುವುದಕ್ಕಾಗಿ ಅವರೂ ಬಾಖ್‌ಮನ್ ಎಂಬ ಸಹೋದ್ಯೋಗಿಯೂ ಸೇರಿ ಒಂದನೆಯ ಮಹಾಯುದ್ಧದ ಕಾಲದಲ್ಲಿ ಪೊರೆಯೊಂದನ್ನು ಮಾಡಿದರು. ಹತ್ತಿಯಂಥ ಸಸ್ಯದ ನಾರಿನಿಂದ ಪಡೆದ ಪದಾರ್ಥವನ್ನು ದ್ರಾವಕದಲ್ಲಿ ಕರಗಿಸಿ ತೆಳ್ಳಗೆ ಹರಡುವುದು. ತೇವದ ಗಾಳಿಯಲ್ಲಿ ದ್ರಾವಕ ಆರಿದಂತೆಲ್ಲ ಅದರ ಮೈತುಂಬ ರಂಧ್ರಗಳು ಉಳಿಯುತ್ತವೆ. ಕಾವಲಿಯ ಮೇಲೆ ದೋಸೆ ಕಣ್ಣು ಬಿಡುವುದನ್ನು ಕಂಡವರಿಗೆ ಇದು ಕಷ್ಟದ ಮಾತಲ್ಲ. ಇಲ್ಲಿಯ ಕಣ್ಣುಗಳು ಮಾತ್ರ ನಮ್ಮ ಕಣ್ಣಿಗೆ ಕಾಣವು. 1927ರಲ್ಲಿ ಸಾರ್ಟೋರಿಯಸ್ ಮನೆತನದವರು ಜಿಗ್ಮಂಡಿಯವರೊಡನೆ ಕೂಡಿ ಈ ಪೊರೆಗಳಿಗೆಂದೇ ಪ್ರತ್ಯೇಕ ಕಂಪನಿಯನ್ನು ಸ್ಥಾಪಿಸಿದರು. ಪಂಡಿತನ ಬುದ್ಧಿಯೂ ವ್ಯಾಪಾರಿಯ ಬಂಡವಾಳವೂ ಒಂದೇ ಊರಿನಲ್ಲಿ ಕೈಕುಲುಕಿದ ಈ ಘಟನೆ ನನಗೆ ಬಹಳ ಹಿಡಿಸಿತು.

ಔಷಧಿಯನ್ನು ಕುದಿಸಿಬಿಟ್ಟರೆ ಸಾಲದೇ ಎಂದು ವಾಚಕರು ಕೇಳಬಹುದು. ಎಷ್ಟೋ ಔಷಧಿಗಳು ಕುದಿಸಿದರೆ ಕೆಡುತ್ತವೆ. ರಕ್ತದ ಸೀರಮ್ಮು ಮೊಟ್ಟೆಯ ಲೋಳೆಯಂತೆ ಗಟ್ಟಿಯಾಗುತ್ತದೆ. ಪೆನಿಸಿಲಿನ್ನು ಗುಣ ಕಳೆದುಕೊಳ್ಳುತ್ತದೆ. ಅವುಗಳನ್ನು ಕ್ರಿಮಿರಹಿತ ಮಾಡಲು ಸೋಸುವುದೇ ದಾರಿ. ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್. ಹಿಂದೆ 0.45 ಮೈಕ್ರಾನಿನ ರಂಧ್ರ ಸಾಕೆಂದು ತಿಳಿದಿದ್ದರು. 1960ರಲ್ಲಿ ಅಮೆರಿಕದ ಸರಕಾರಿ ವಿಜ್ಞಾನಿ ಫ್ರಾನ್ಸೆಸ್ ಬೋಮನ್ ಎಂಬ ಮಹಿಳೆ, ಅದರಲ್ಲೂ ನುಸುಳಿ ಬರುವ ಪುಟ್ಟ ಕ್ರಿಮಿಯನ್ನು ತೋರಿಸಿಕೊಟ್ಟರು. ಅಲ್ಲಿಂದ ಮುಂದೆ 0.2 ಮೈಕ್ರಾನ್ ರೂಢಿಗೆ ಬಂದಿತು. ಕೋವಿಶೀಲ್ಡಿನಲ್ಲಿರುವ ನಿರಪಾಯಕಾರಿ ವೈರಸ್ಸು ಅದಕ್ಕಿಂತಲೂ ಚಿಕ್ಕದು. ಆದುದರಿಂದ ಪೊರೆಯು ಕ್ರಿಮಿಯನ್ನು ತಡೆದು ಲಸಿಕೆಯನ್ನು ಬಿಟ್ಟುಕೊಡುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ನೀರಿನ ಕೊಳವೆಗಳು ಒಡೆದಾಗ, ಜರ್ಮನರು ಕುಡಿಯುವ ನೀರನ್ನು ಬೇಗ ಪರೀಕ್ಷಿಸಲು ಈ ಪೊರೆಗಳನ್ನೇ ಬಳಸಿದರು. ಗೆದ್ದವರು ಸೋತವರ ವಿದ್ಯೆಯನ್ನೂ ಒಯ್ಯುವುದುಂಟಷ್ಟೆ. ಯುದ್ಧ ಮುಗಿದೊಡನೆ ಅಮೆರಿಕದಿಂದ ಅಲೆಕ್ಸಾಂಡರ್ ಗೆಟ್ಜ್ ಎಂಬ ಭೌತವಿಜ್ಞಾನಿ ಅಲ್ಲಿಗೆ ಹೋಗಿ ಪೊರೆಯ ಗುಟ್ಟನ್ನು ತಿಳಿದು ಬಂದರು. ಅದರ ಆಧಾರದ ಮೇಲೆ ಜ್ಯಾಕ್ ಬುಶ್ ಎಂಬುವರು 1954ರಲ್ಲಿ ಮಿಲಿಪೋರ್ ಕಂಪನಿಯನ್ನು ಕಟ್ಟಿದರು. ಗಾಟಿಂಗೆನ್ನಿನ ಮನೆಗೆ ಹೀಗೆ ಪ್ರತಿಸ್ಪರ್ಧಿ ಹುಟ್ಟಿದ್ದು ಮನೆಯ ವಿದ್ಯೆಯಿಂದಲೇ!

ಅದೇ 1954ರಲ್ಲಿ ನಮ್ಮ ಪಿಂಪ್ರಿಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪಿತವಾಯಿತು. ಮರುವರ್ಷ ಪೆನಿಸಿಲಿನ್ ಹೊರಬಂದಿತು. ಅಲ್ಲಿ ಸಂಶೋಧನ ವಿಭಾಗವನ್ನು ನಡೆಸಿದವರು ಮೈಸೂರು ಸೀಮೆಯಿಂದ ಬಂದ ಶ್ರೀ ಎಂ. ಜೆ. ತಿರುಮಲಾಚಾರ್ ಅವರೆಂಬುದು ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು? ಬೂಷ್ಟು ರೋಗಗಳಿಗೆ ಮದ್ದಾದ ಹ್ಯಾಮೈಸಿನ್ನನ್ನು ಕಂಡುಹಿಡಿದವರು ಅವರೂ ಅವರ ಸಂಗಡಿಗರೂ. ಅದನ್ನು ಕೊಡುವ ಜೀವಿಗೆ ‘ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ’ ಎಂದು ಈ ಊರಿನ ಹೆಸರನ್ನೇ ಇಟ್ಟಿದ್ದಾರೆ. ಹೊಟ್ಟೆಪಾಡಿಗೆ ಬಂದ ಊರಿನ ಹೆಸರನ್ನು ವಿಜ್ಞಾನದ ಪುಸ್ತಕಕ್ಕೆ ಸೇರಿಸಿದವರು ಅವರು. 1966ರಲ್ಲಿ ಸೀರಮ್ ಸಂಸ್ಥೆಯೂ ತಲೆಯೆತ್ತಿತು. ಕುದುರೆಯ ರಕ್ತದಿಂದ ಧನುರ್ವಾಯುವಿನ ಮದ್ದನ್ನು ತೆಗೆಯುವುದು ಅದರ ಆರಂಭದ ಉದ್ಯೋಗ. ಹೀಗೆ ಸೋಸಲೇಬೇಕಾದ ವಸ್ತುಗಳ ಕಾರ್ಖಾನೆಗಳು ಪುಣೆಯ ಎರಡು ದಿಕ್ಕಿಗೂ ನಿಂತವು.

ಬಿ.ಕಾಂ. ಓದಿದ ನನಗೆ ಈ ವ್ಯಾಪಾರದ ಜಾಣತನ ಕಾಣದಿರಲು ಸಾಧ್ಯವೇ? ಒಮ್ಮೆ ಮಾರಿದ ತಕ್ಕಡಿ ಇಪ್ಪತ್ತು ವರ್ಷ ಬಾಳುತ್ತದೆ. ಗಿರಾಕಿ ಮತ್ತೆ ಅಂಗಡಿಯ ಕಡೆ ಸುಳಿಯುವುದಿಲ್ಲ. ಔಷಧಿ ಸೋಸಿದ ಪೊರೆಯನ್ನಾದರೋ ಸಾಮಾನ್ಯವಾಗಿ ಅಲ್ಲಿಗೇ ಎಸೆಯುತ್ತಾರೆ. ಮುಂದಿನ ಬಾರಿಗೆ ಹೊಸದು ಬೇಕು. ತಕ್ಕಡಿಯ ಮನೆ ಪೊರೆಯಿಂದ ಬೆಳೆದದ್ದು ಸೋಜಿಗವಲ್ಲ. 2007ರಲ್ಲಿ ಸಾರ್ಟೋರಿಯಸ್ಸಿನವರು ತಮ್ಮ ಈ ವಿಭಾಗವನ್ನು ಫ್ರಾನ್ಸಿನ ಸ್ಟೆಡಿಮ್ ಎಂಬ ಕಂಪನಿಯೊಂದಿಗೆ ಕೂಡಿಸಿದರು. ಸ್ಟೆಡಿಮ್ಮಿನವರು ಔಷಧಿ ದ್ರವ ತುಂಬುವ ಪ್ಲಾಸ್ಟಿಕ್ ಚೀಲಗಳಿಗೆ ಹೆಸರಾದವರು. ಚೀಲ ಮತ್ತು ಫಿಲ್ಟರು, 2021ರಲ್ಲಿ ಪುಣೆ ಕೇಳಿದ ಜೋಡಿಯೇ! ಮಿಲಿಪೋರನ್ನು 2010ರಲ್ಲಿ ಜರ್ಮನಿಯ ಮರ್ಕ್ ಕೊಂಡಿತು. ಒಯ್ದ ವಿದ್ಯೆ ಬಡ್ಡಿಸಮೇತ ಜರ್ಮನರ ಕೈಗೆ ಬಂದಂತಾಯಿತು.

ಇಲ್ಲಿಗೆ ಬ್ಯಾಂಕಿನವನಿಗೆ ಮೆಚ್ಚುಗೆಯಾದ ಇನ್ನೊಂದು ಸಂಗತಿ. ಸೋಸಿ ಮುಗಿದ ಮೇಲೆ ಪೊರೆಯನ್ನು ನೆನೆಸಿ ಒಂದು ಕಡೆಯಿಂದ ಗಾಳಿಯನ್ನು ಒತ್ತುತ್ತಾರೆ. ಗೊತ್ತಾದ ಒತ್ತಡಕ್ಕೆ ಮೊದಲೇ ಗುಳ್ಳೆ ಹೊರಬಂದರೆ ಎಲ್ಲೋ ಹರಿದಿದೆಯೆಂದರ್ಥ. ಸೋಸಿದ ಮಾಲನ್ನು ಹೊರಗೆ ಬಿಡುವಂತಿಲ್ಲ. ಸಂಜೆ ನಗದು ತಾಳೆಯಾಗದೆ ನಾವು ಮನೆಗೆ ಹೋಗುವಂತಿಲ್ಲವಷ್ಟೆ, ಹಾಗೆ.

ಅಮೆರಿಕ ಆಗ ಬಳಸಿದ್ದು ಕೊರಿಯಾ ಯುದ್ಧದ ಕಾಲದ, 1950ರ ಕಾಯಿದೆ. ಅದು ತಮ್ಮ ದೇಶದ ಬೇಡಿಕೆಗಳನ್ನು ಮೊದಲು ಪೂರೈಸಿರೆಂದು ಕಾರ್ಖಾನೆಗಳಿಗೆ ಅಪ್ಪಣೆ ಕೊಡುವಂಥದು. ಏಪ್ರಿಲ್ 25ರಂದು ಕೋವಿಶೀಲ್ಡಿಗೆ ಬೇಕಾದ ಸಾಮಗ್ರಿ ಒದಗಿಸುವುದಾಗಿ ಅಮೆರಿಕ ಪ್ರಕಟಿಸಿತು. ನಮ್ಮ ಅತ್ತೆಯವರಿಗೆ ಮೇ ತಿಂಗಳಲ್ಲಿ ಚುಚ್ಚುಮದ್ದು ಸಿಕ್ಕಿತು.

ಸಾರ್ಟೋರಿಯಸ್ಸಿನ ಭಾರತದ ಮನೆ ನೆಲಮಂಗಲದ ಜಕ್ಕಸಂದ್ರದಲ್ಲಿ, ಕುಣಿಗಲ್ ರಸ್ತೆಯಲ್ಲಿದೆ, ಮಿಲಿಪೋರಿನವರದು ಪೀಣ್ಯದಲ್ಲಿ. ಪುಣೆಯಿಂದ ಬೆಂಗಳೂರಿಗೆ ರಾತ್ರಿಯ ಬಸ್ಸಿನಲ್ಲಿ ಹೋಗುವ ನಾವು, ನಿದ್ದೆಗಣ್ಣಿನಲ್ಲಿ ಸಾಮಾನು ಕೂಡಿಸಿಕೊಳ್ಳುತ್ತ ದಾಟಿಹೋಗುವ ಜಾಗಗಳು ಇವು. ಕಳೆದ ಸಲ ಊರಿಗೆ ಹೋದಾಗ ಮಗಳನ್ನು ಎಬ್ಬಿಸಿ, ಕುಣಿಗಲ್ ಕಡೆ ತಿರುಗುವ ರಸ್ತೆಯನ್ನು ತೋರಿಸಿ, ಫಿಲ್ಟರಿನವರು ಅಲ್ಲಿದ್ದಾರೆಂದೆ. “ಕಾಫಿ ಫಿಲ್ಟರೇ, ಅಪ್ಪಾ?” ಎಂದು ಕೇಳಿದಳು. ನಾನು ಗಾಟಿಂಗೆನ್ನಿನಿಂದ ಆರಂಭಿಸುವಷ್ಟರಲ್ಲಿ ಬಸ್ಸು ಪೀಣ್ಯವನ್ನು ದಾಟಿತ್ತು.