ದಸ್ತಾ, ರೀಮು, ಮೊಳೆ: ಅಚ್ಚುಕೂಟದ ಮಾತುಗಳಲ್ಲಿ ಅಡಗಿರುವ ಚರಿತ್ರೆ

ಚರಿತ್ರೆಯ ಆಕರಗಳೆಂದೊಡನೆ ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರಹ ಇವೇ ನಮ್ಮ ನೆನಪಿಗೆ ಬರುತ್ತವೆ. ಕಸುಬಿನವರ ಬಾಯಲ್ಲಿ ದಿನವೂ ಓಡಾಡುವ ಮಾತುಗಳನ್ನು ಆಕರಗಳ ಸಾಲಿನಲ್ಲಿ ಎಣಿಸುವ ವಾಡಿಕೆ ನಮ್ಮಲ್ಲಿ ಕಡಿಮೆ. ಕೆಲವು ಕಾಲದ ಹಿಂದೆ ನಮ್ಮ ವಿದ್ಯಾರ್ಥಿಗಳು ಜಿಲ್ಲಾಸ್ಥಳವೊಂದರಲ್ಲಿ ಮುಚ್ಚಿಹೋದ ಅಚ್ಚುಕೂಟದ ಲೆಕ್ಕದ ಪುಸ್ತಕಗಳನ್ನು ನೋಡಿ ಬಂದರು. ಅಲ್ಲಿನ ಸೀಸದ ಮೊಳೆಗಳು ಅಷ್ಟರಲ್ಲಿ ತೂಕದ ಲೆಕ್ಕದಲ್ಲಿ ಮಾರಾಟವಾಗಿದ್ದುವು. ಉಳಿದಿದ್ದುದು ಲೆಕ್ಕದ ಪುಸ್ತಕಗಳು ಮಾತ್ರ. ಅವುಗಳಲ್ಲಿ ‘ರೀ.’, ‘ದ.’, ‘ಫಾ.’, ‘ಡ. ಕ್ರೌ.’ ಎಂದು ಮುಂತಾಗಿದ್ದ ಸಂಕ್ಷೇಪಗಳನ್ನು ಬಿಡಿಸಲು ಬುದ್ಧಿವಂತರಾದ ಆ ತರುಣರಿಗೆ ಸಾಧ್ಯವಾಗಲಿಲ್ಲ. ಶಾಸನದ ಹಳಗನ್ನಡವನ್ನು ಓದಬಲ್ಲವರಿಗೆ ತಮ್ಮ ತಾತಂದಿರ ಕಾಲದ ಲೆಕ್ಕ ತಿಳಿಯದೆ ಹೋದುದು ನಮ್ಮನ್ನು ಯೋಚನೆಗೆ ಹಚ್ಚಿತು. ಆ ಯೋಚನೆಯ ಫಲವೇ ಪ್ರಸ್ತುತ ಲೇಖನ.

ಮೊದಲಿಗೆ ಕಾಗದದ ಮಾತನ್ನೇ ತೆಗೆದುಕೊಳ್ಳೋಣ. ಕ್ರಿ. ಶ. ೧೦೫ರಲ್ಲಿ ತ್ಸಾಯ್ ಲುನ್ ಎಂಬ ಅರಮನೆಯ ಅಧಿಕಾರಿ ಮರದ ತೊಗಟೆ, ಸೆಣಬು, ಹಳೆಯ ಚಿಂದಿ, ಮೀನುಬಲೆ ಇವುಗಳಿಂದ ಕಾಗದ ಮಾಡುವ ಕ್ರಮವನ್ನು ಚಕ್ರವರ್ತಿಗೆ ನಿವೇದಿಸಿದನೆಂದು ಚೀನದ ಇತಿಹಾಸಗ್ರಂಥಗಳು ಹೇಳುತ್ತವೆ. ಅದಕ್ಕಿಂತ ಹಳೆಯ ತುಣುಕುಗಳೂ ಉತ್ಖನನಗಳಲ್ಲಿ ದೊರೆತಿರುವುದರಿಂದ ಅವನನ್ನು ಈ ವಿದ್ಯೆಯ ಜನಕನೆನ್ನುವುದಕ್ಕಿಂತ ಸುಧಾರಕನೆನ್ನುವುದು ಲೇಸು. ೮ನೆಯ ಶತಮಾನದಲ್ಲಿ ಈ ವಿದ್ಯೆ ಸಮರ್‌ಕಂದಕ್ಕೆ ಬಂದಿತು. ಅಲ್ಲಿಂದ ಬಾಗ್ದಾದಿಗೂ, ಮುಂದೆ ಈಜಿಪ್ಟು, ಸ್ಪೇನುಗಳಿಗೂ ಹಬ್ಬಿತು. ಭಾರತದಲ್ಲಿ ೧೫ನೆಯ ಶತಮಾನದ ಕಾಶ್ಮೀರದ ಸುಲ್ತಾನ ಜೈನುಲ್ ಅಬಿದೀನನು ಈ ಕಸುಬಿಗೆ ಆಶ್ರಯ ಕೊಟ್ಟನು. ದಖ್ಖನಿನಲ್ಲಿ ದೌಲತಾಬಾದಿನ ಬಳಿಯ ಕಾಗಜೀಪುರವು ಕೈಕಾಗದ ಮಾಡುವವರ ಊರೆಂದೇ ಹೆಸರು ಪಡೆಯಿತು. ನಮ್ಮ ‘ಕಾಗದ’ವು ಪಾರಸಿಯ ‘ಕಾಗಜ್’ ಎಂಬುದರ ರೂಪಾಂತರ. ಆಡಳಿತದಲ್ಲಿ ಪಾರಸಿ ಬಳಕೆಯಲ್ಲಿದ್ದ ಬಹಮನೀ ಮತ್ತು ಬಿಜಾಪುರದ ಸುಲ್ತಾನರ ನಾಡಿನಲ್ಲಿ ಕಾಗದದ ಜೊತೆಗೆ ಕಲಮು, ಶಾಯಿ, ದಫ್ತರ ಮೊದಲಾದ ಮಾತುಗಳೂ ಕನ್ನಡಿಗರ ಮನೆ ಹೊಕ್ಕುವು. ‘ಶಾಯಿ’ ಎಂಬುದು ಕಪ್ಪೆಂಬ ಅರ್ಥದ ‘ಸಿಯಾಹ್’ ಶಬ್ದದಿಂದ ಬಂದುದು. ಅದಕ್ಕೆ ಮೊದಲೇ ಇಲ್ಲಿ ಸಂಸ್ಕೃತಮೂಲದ ‘ಮಸಿ’ ಇದ್ದಿತು. ಅದಾದ ಮೇಲೆ ಇಂಗ್ಲಿಷಿನ ‘ಇಂಕು’ ಬಂದಿತು. ಒಂದೇ ವಸ್ತುವಿನ ಈ ಮೂರು ಹೆಸರುಗಳು ಭೂಮಿಯ ಪದರಗಳಂತೆ ಒಂದರ ಮೇಲೊಂದು ಕುಳಿತಿವೆ.

ಆದರೆ ಕಾಗದ ಬಂದೊಡನೆ ಹಳೆಯ ಬರವಣಿಗೆಯ ಮಾತುಗಳೆಲ್ಲ ಅಳಿದುವೆಂದು ತಿಳಿಯಬಾರದು. ತಾಳೆಯ ಓಲೆಯ ಮೇಲೆ ಬರೆಯುತ್ತಿದ್ದ ಕಾಲದ ‘ಓಲೆ’ ಕಾಗದದ ಪತ್ರಕ್ಕೂ ಹೆಸರಾಯಿತು. ‘ಪತ್ರ’ವೆಂದರೂ ಮೊದಲ ಅರ್ಥ ಎಲೆಯೇ. ಅಡಕೆಯ ಮರದಿಂದ ಕಳಚಿ ಬೀಳುವ ‘ಹಾಳೆ’ಯನ್ನು ಮಲೆನಾಡಿನವರೂ ಕರಾವಳಿಯವರೂ ಚೆನ್ನಾಗಿ ಬಲ್ಲರು, ಕಾಗದದ ಒಂದೊಂದು ತಾವಿಗೂ ಕನ್ನಡಿಗರು ಅದೇ ಹೆಸರನ್ನಿಟ್ಟರು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ‘ಕಡತ’ವು ವರ್ತಕರ ಮತ್ತು ಮಠಗಳ ಲೆಕ್ಕದ ಪುಸ್ತಕವಾಗಿದ್ದಿತು. ಆ ಕಪ್ಪು ಬಟ್ಟೆ ಬಳಕೆ ತಪ್ಪಿದರೂ ಸರಕಾರಿ ಕಚೇರಿಯ ಕಾಗದದ ಕಟ್ಟು ಇಂದಿಗೂ ಕಡತವೇ. ವಸ್ತು ಹೋದರೂ ಹೆಸರು ನಿಲ್ಲುತ್ತದೆ. ಹೆಸರು ನಿಂತರೂ ವಸ್ತು ಬದಲಾಗುತ್ತದೆ. ಈ ಎರಡು ಸಂಗತಿಗಳನ್ನು ಚರಿತ್ರೆಯ ವಿದ್ಯಾರ್ಥಿ ಒಟ್ಟಿಗೆ ನೆನಪಿನಲ್ಲಿಡಬೇಕು.

ಇನ್ನು ಕಾಗದದ ಅಳತೆಯ ಮಾತುಗಳು. ಹಳೆಯ ಲೆಕ್ಕದಲ್ಲಿ ೨೪ ಹಾಳೆಗಳಿಗೆ ಒಂದು ದಸ್ತಾ, ೨೦ ದಸ್ತಾಗಳಿಗೆ ಒಂದು ರೀಮು. ಎಂದರೆ ರೀಮಿಗೆ ೪೮೦ ಹಾಳೆ. ಪಾರಸಿಯಲ್ಲಿ ‘ದಸ್ತ್’ ಎಂದರೆ ಕೈ. ‘ದಸ್ತಾ’ ಎಂದರೆ ಒಂದು ಹಿಡಿ, ಒಂದು ಕಟ್ಟು. ‘ರೀಮು’ ಇಂಗ್ಲಿಷರಿಂದ ಬಂದ ಮಾತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಇಂಗ್ಲಿಷರ ಸ್ವಂತ ಮಾತಲ್ಲ. ಅರಬ್ಬಿಯಲ್ಲಿ ‘ರಿಜ್ಮಾ’ ಎಂದರೆ ಹೊರೆ, ಗಂಟು. ಅರಬರ ಆಳ್ವಿಕೆಗೆ ಒಳಪಟ್ಟಿದ್ದ ಸ್ಪೇನಿನ ಷಾತಿಬಾ ಪಟ್ಟಣವು ೧೨ನೆಯ ಶತಮಾನದಲ್ಲಿ ಕಾಗದಕ್ಕೆ ಪ್ರಸಿದ್ಧವಾಗಿದ್ದಿತು. ಅರಬ್ಬಿಯ ಆ ಮಾತು ಸ್ಪ್ಯಾನಿಷಿನಲ್ಲಿ ‘ರೆಸ್ಮಾ’ ಆಗಿ, ಫ್ರೆಂಚಿನ ಮೂಲಕ ಇಂಗ್ಲಿಷನ್ನು ಸೇರಿ, ಕೊನೆಗೆ ಹಡಗು ಹತ್ತಿ ನಮ್ಮ ಅಂಗಡಿಗಳಿಗೆ ಬಂದಿಳಿಯಿತು. ಹೀಗೆ ‘ಒಂದು ರೀಮಿಗೆ ಇಪ್ಪತ್ತು ದಸ್ತಾ’ ಎಂಬ ಅಂಗಡಿಯವನ ಸಾಧಾರಣ ವಾಕ್ಯದಲ್ಲಿ ಎರಡು ದಾರಿಗಳು ಕೂಡುತ್ತವೆ. ಒಂದು ಪಾರಸಿಯೊಡನೆ ನೆಲದ ಮೇಲೆ ನಡೆದು ಬಂದುದು. ಮತ್ತೊಂದು ಯೂರೋಪನ್ನು ಸುತ್ತಿಕೊಂಡು ಕಡಲ ಮೇಲೆ ಬಂದುದು.

ಈ ಲೆಕ್ಕವನ್ನು ಅರಿಯದಿದ್ದರೆ ಆಗುವ ನಷ್ಟ ಕೇವಲ ಶಬ್ದಕುತೂಹಲದ್ದಲ್ಲ. ಕಾಲಕ್ರಮದಲ್ಲಿ ರೀಮು ೫೦೦ ಹಾಳೆಗಳದಾಯಿತು. ಒಂದು ಪುಸ್ತಕವು ಕ್ರೌನ್ ೧/೮ ಆಕಾರದಲ್ಲಿ ೧೬೦ ಪುಟಗಳುಳ್ಳದ್ದೆಂದೂ, ಅದಕ್ಕೆ ಹತ್ತು ರೀಮು ಡಬಲ್ ಕ್ರೌನ್ ಕಾಗದ ಹಿಡಿಯಿತೆಂದು ಲೆಕ್ಕದ ಪುಸ್ತಕದಲ್ಲಿ ಬರೆದಿದೆಯೆಂದೂ ಇಟ್ಟುಕೊಳ್ಳೋಣ. ಕ್ರೌನ್ ಹಾಳೆ ೧೫ ಅಂಗುಲಕ್ಕೆ ೨೦ ಅಂಗುಲ. ಡಬಲ್ ಕ್ರೌನ್ ೨೦ ಅಂಗುಲಕ್ಕೆ ೩೦ ಅಂಗುಲ. ಕ್ರೌನನ್ನು ಮೂರು ಸಲ ಮಡಿಸಿದರೆ ೮ ಎಲೆ, ೧೬ ಪುಟಗಳಾಗುತ್ತವೆ. ಡಬಲ್ ಕ್ರೌನಿನಲ್ಲಿ ಅದರ ಎರಡರಷ್ಟು, ಎಂದರೆ ೩೨ ಪುಟಗಳು. ಆದಕಾರಣ ೧೬೦ ಪುಟದ ಪ್ರತಿಯೊಂದಕ್ಕೆ ೫ ಹಾಳೆ ಬೇಕು. ರೀಮಿಗೆ ೫೦೦ ಹಾಳೆಯೆಂದು ಹಿಡಿದರೆ ಅಚ್ಚಾದ ಪ್ರತಿಗಳು ೧೦೦೦. ೪೮೦ ಎಂದು ಹಿಡಿದರೆ ೯೬೦ ಮಾತ್ರ. ಹಾಳಾಗಿ ಹೋಗುವ ಕಾಗದವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಪುಸ್ತಕಗಳ ಪ್ರಸಾರ, ಓದುಗರ ಸಂಖ್ಯೆ ಇವುಗಳನ್ನು ಕುರಿತು ಬರೆಯಹೊರಟವನು ಒಂದು ಮಾತಿನ ಅರ್ಥ ತಪ್ಪಿದರೆ ನೂರಕ್ಕೆ ನಾಲ್ಕರಷ್ಟು ತಪ್ಪುತ್ತಾನೆ. ಇಪ್ಪತ್ತು ವರ್ಷಗಳ ಲೆಕ್ಕವನ್ನು ಕೂಡಿಸುವವನ ಪಾಡನ್ನು ವಾಚಕರೇ ಊಹಿಸಬಹುದು.

ಕಾಗದದ ಆಕಾರಗಳ ಹೆಸರುಗಳಲ್ಲಿಯೂ ಇಂತಹ ಚರಿತ್ರೆಯಿದೆ. ೧೩ನೆಯ ಶತಮಾನದ ಕೊನೆಯ ಭಾಗದಲ್ಲಿ ಇಟಲಿಯ ಫಾಬ್ರಿಯಾನೋ ಎಂಬ ಊರಿನ ಕಾಗದಗಾರರು ತಮ್ಮ ಹಾಳೆಗಳಲ್ಲಿ ಬೆಳಕಿಗೆ ಹಿಡಿದಾಗ ಮಾತ್ರ ಕಾಣುವ ನೀರುಗುರುತನ್ನು ಮೂಡಿಸತೊಡಗಿದರು. ಯೂರೋಪಿನಲ್ಲಿ ಕಿರೀಟದ ಗುರುತಿದ್ದ ಹಾಳೆಯಿಂದ ‘ಕ್ರೌನ್’ ಎಂಬ ಹೆಸರೂ, ವಿದೂಷಕನ ಟೋಪಿಯ ಗುರುತಿದ್ದ ಹಾಳೆಯಿಂದ ‘ಫೂಲ್ಸ್‌ಕ್ಯಾಪ್’ ಎಂಬ ಹೆಸರೂ ಹುಟ್ಟಿದುವು. ನಮ್ಮ ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಈ ಎರಡನೆಯದು ‘ಫುಲ್‌ಸ್ಕೇಪ್’ ಆಗಿ, ಪೂರ್ಣಹಾಳೆಯೆಂಬ ಅರ್ಥವನ್ನು ಪಡೆದುಕೊಂಡಿತು. ವಿದೂಷಕನ ಟೋಪಿ ಕಣ್ಮರೆಯಾಯಿತು. ಜನರು ತಮಗೆ ತಿಳಿಯುವ ಅರ್ಥವನ್ನು ಅದರಲ್ಲಿ ತುಂಬಿದರು. ‘ಡೆಮಿ’ ಎಂದರೆ ಅರ್ಧ. ಮುದ್ರಣದ ಡೆಮಿ ಹಾಳೆ ೧೭ ೧/೨ ಅಂಗುಲಕ್ಕೆ ೨೨ ೧/೨ ಅಂಗುಲ. ವಿದ್ವತ್ಪ್ರಬಂಧಗಳೂ ನಿಘಂಟುಗಳೂ ಬಹುಮಟ್ಟಿಗೆ ಅದರ ಎಂಟನೆಯ ಒಂದು ಪಾಲಿನ ಆಕಾರದಲ್ಲಿ ಹೊರಬರುತ್ತಿದ್ದುವು. ಜರ್ಮನಿಯಲ್ಲಿ ೧೯೨೨ರಲ್ಲಿ ಗೊತ್ತುಪಡಿಸಿದ, ೧೯೭೫ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ‘ಎ’ ಶ್ರೇಣಿಯ ಆಕಾರಗಳು ಬಂದ ಮೇಲೆ ೨೧೦ ಮಿಲಿಮೀಟರಿಗೆ ೨೯೭ ಮಿಲಿಮೀಟರಿನ ಎ-೪ ಹಾಳೆಯೇ ಕಚೇರಿಗಳನ್ನು ಆಳುತ್ತಿದೆ. ಕಿರೀಟ ಟೋಪಿಗಳ ಜಾಗದಲ್ಲಿ ಅಂಕಿಗಳು ಕುಳಿತಿವೆ.

ಈಗ ಅಚ್ಚಿನ ಮಾತಿಗೆ ಬರೋಣ. ಭಾರತಕ್ಕೆ ಮೊದಲ ಅಚ್ಚಿನ ಯಂತ್ರ ಬಂದುದು ೧೫೫೬ರಲ್ಲಿ, ಗೋವೆಗೆ. ಕನ್ನಡವು ಅಚ್ಚಿನ ಮೊಳೆಗಳನ್ನು ಕಾಣಲು ಅಲ್ಲಿಂದ ಎರಡೂವರೆ ಶತಮಾನಗಳೇ ಕಳೆಯಬೇಕಾಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಮುಂದೆ ಬಳ್ಳಾರಿ, ಮಂಗಳೂರು, ಬೆಂಗಳೂರುಗಳಲ್ಲಿ ಮಿಷನರಿಗಳ ಅಚ್ಚುಕೂಟಗಳು ನೆಲೆಗೊಂಡುವು. ಯಂತ್ರ ಹೊಸದು, ಅದನ್ನು ತಂದವರು ಹೊರಗಿನವರು. ಆದರೂ ಕನ್ನಡಿಗರು ಅದರ ಕೆಲಸಕ್ಕೆ ತಮ್ಮ ಹಳೆಯ ‘ಅಚ್ಚು’ ಎಂಬ ಮಾತನ್ನೇ ಕೊಟ್ಟರು. ಬೆಲ್ಲವನ್ನು ಹೊಯ್ಯುವುದು ಅಚ್ಚಿಗೆ. ನಾಣ್ಯಕ್ಕೆ ಮುದ್ರೆ ಬೀಳುವುದು ಅಚ್ಚಿನಿಂದ. ಒಂದೇ ರೂಪವನ್ನು ಮತ್ತೆ ಮತ್ತೆ ತೆಗೆಯುವ ಸಾಧನವೆಂಬ ಕಲ್ಪನೆ ನಾಡಿಗೆ ಹಳೆಯದಾಗಿದ್ದುದರಿಂದ ಹೊಸ ವಿದ್ಯೆಗೆ ಹೆಸರನ್ನು ಎರವಲು ತರಬೇಕಾಗಲಿಲ್ಲ. ಸೀಸದ ಅಕ್ಷರದ ಕಡ್ಡಿಗೆ ‘ಮೊಳೆ’ ಎಂದದ್ದೂ ಹಾಗೆಯೇ. ಬಡಗಿಯ ಮೊಳೆಯನ್ನು ಕಂಡ ಕಣ್ಣಿಗೆ ಅದು ಸಹಜವಾದ ಹೆಸರು. ಮೈಸೂರು ಸೀಮೆಯಲ್ಲಿ ‘ಅಚ್ಚುಕೂಟ’ವೆಂದದ್ದನ್ನು ಮರಾಠಿಯ ಸಂಪರ್ಕ ಹೆಚ್ಚಾಗಿದ್ದ ಉತ್ತರದ ಜಿಲ್ಲೆಗಳಲ್ಲಿ ‘ಛಾಪಖಾನೆ’ ಎಂದರು. ‘ಮುದ್ರಣಾಲಯ’ವು ಪಂಡಿತರು ಕಟ್ಟಿದ ಮಾತು.

‘ಕಲ್ಲಚ್ಚು’ ಎಂಬುದು ಇವೆಲ್ಲಕ್ಕಿಂತ ಅರ್ಥವತ್ತಾದುದು. ೧೮ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಸೆನೆಫೆಲ್ಡರನು ಕಂಡುಹಿಡಿದ ಈ ವಿಧಾನದಲ್ಲಿ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ನೀರಿನಿಂದ ತೇವಗೊಳಿಸಿ, ಬರೆದಲ್ಲಿ ಮಾತ್ರ ಮಸಿ ಹಿಡಿಯುವಂತೆ ಮಾಡಿ ಪ್ರತಿ ತೆಗೆಯುತ್ತಾರೆ. ಮೊಳೆಗಳನ್ನು ಎರಕ ಹೊಯ್ಯಬೇಕಾದ ಕಷ್ಟವಿಲ್ಲ. ಲಿಪಿಕಾರನ ಕೈಬರಹವೇ ಅಚ್ಚಾಗುತ್ತದೆ. ಕಾಗುಣಿತ, ಒತ್ತಕ್ಷರಗಳಿಂದ ತುಂಬಿದ ಕನ್ನಡಕ್ಕೆ ಇದು ದೊಡ್ಡ ಅನುಕೂಲವಾಗಿದ್ದಿತು. ೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗನು ಆರಂಭಿಸಿದ ‘ಮಂಗಳೂರು ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಹೊರಬಂದಿತು, ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವೇ ೧೮೯೪ರಲ್ಲಿ ಕಿಟ್ಟೆಲರ ನಿಘಂಟನ್ನು ಮೊಳೆಗಳಿಂದ ಅಚ್ಚಿಸಿತು. ಒಂದೇ ಊರಿನಲ್ಲಿ ಅರ್ಧ ಶತಮಾನದೊಳಗೆ ಕಲ್ಲಿನಿಂದ ಸೀಸಕ್ಕೆ ಆದ ಈ ಪ್ರಯಾಣವನ್ನು ‘ಕಲ್ಲಚ್ಚು’, ‘ಮೊಳೆಯಚ್ಚು’ ಎಂಬೆರಡು ಮಾತುಗಳು ಹಿಡಿದಿಟ್ಟಿವೆ.

ಆದರೆ ಅಚ್ಚುಕೂಟದ ಒಳಗೆ ಹೋದೊಡನೆ ಮಾತು ಬದಲಾಗುತ್ತದೆ. ಕೇಸು, ಸ್ಟಿಕ್ಕು, ಗ್ಯಾಲಿ, ಚೇಸು, ಲೆಡ್ಡು, ಕ್ವಾಡು, ಫಾರಂ, ಟ್ರೆಡಲ್ ಇವೆಲ್ಲ ಇಂಗ್ಲಿಷಿನವು. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೊರಗೆ ನಿಂತು ನೋಡಿದ ಜನರು ಕಾರ್ಯಕ್ಕೆ ಹೆಸರಿಟ್ಟರು, ಅದು ಕನ್ನಡವಾಯಿತು. ಒಳಗೆ ಕುಳಿತು ಕಲಿತ ಕೆಲಸಗಾರನು ಗುರುವಿನಿಂದ ಉಪಕರಣದೊಡನೆ ಹೆಸರನ್ನೂ ಪಡೆದನು. ಅದು ಇಂಗ್ಲಿಷಾಗಿ ಉಳಿಯಿತು. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಮೇಲಿನ ಕೇಸಿನಲ್ಲಿಯೂ ಸಣ್ಣಕ್ಷರ ಕೆಳಗಿನ ಕೇಸಿನಲ್ಲಿಯೂ ಇರುತ್ತಿದ್ದುದರಿಂದ ಅವುಗಳಿಗೆ ಆ ಹೆಸರುಗಳು ಬಂದುವು. ಕನ್ನಡದಲ್ಲಿ ಆ ಭೇದವಿಲ್ಲ. ಆದರೂ ಕೇಸು ಉಳಿಯಿತು, ಅದರ ಮನೆಗಳು ಮಾತ್ರ ಹೆಚ್ಚಿದುವು. ಒಂದು ಸಲಕ್ಕೆ ಬಿಗಿದು ಯಂತ್ರಕ್ಕೇರಿಸುವ ಪುಟಗಳ ಗುಂಪೇ ಫಾರಂ. ಅದು ಎಂಟು ಪುಟದ್ದೋ ಹದಿನಾರು ಪುಟದ್ದೋ ಎಂಬುದನ್ನು ಆಯಾ ಅಚ್ಚುಕೂಟದ ಕ್ರಮದಿಂದ ತಿಳಿಯಬೇಕಲ್ಲದೆ ಮಾತಿನಿಂದಲೇ ತಿಳಿಯಲಾಗದು. ಒಳಗೂ ಹೊರಗೂ ಸಲ್ಲುವ ಒಂದೇ ಮಾತು ‘ಕರಡು’. ಗ್ರಂಥಕರ್ತನೂ ಕೆಲಸಗಾರನೂ ಸಂಧಿಸುತ್ತಿದ್ದುದು ಕರಡು ತಿದ್ದುವ ಮೇಜಿನ ಬಳಿಯಲ್ಲಿಯೇ ಆದುದರಿಂದ ಆ ಜಾಗದಲ್ಲಿ ಕನ್ನಡ ‘ಪ್ರೂಫಿ’ನೊಡನೆ ಸಮನಾಗಿ ನಿಂತಿತೆಂದು ನಮಗೆ ತೋರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಶಬ್ದದ ಮೂಲದಿಂದ ವಸ್ತುವಿನ ಮೂಲವನ್ನು ನಿರ್ಣಯಿಸುವುದು ಹಲವರು ಮಾಡುವ ತಪ್ಪು. ‘ಅಚ್ಚು’ ಕನ್ನಡದ ಮಾತೆಂದು ಅಚ್ಚಿನ ಯಂತ್ರ ಕನ್ನಡನಾಡಿನದೆನ್ನಲಾಗುವುದಿಲ್ಲ. ‘ಕಾಗದ’ ಪಾರಸಿಯದೆಂದು ಅದನ್ನು ಕಂಡುಹಿಡಿದವರು ಪಾರಸಿಗರೆನ್ನಲೂ ಆಗದು. ಅರಬ್ಬಿಯ ‘ರಿಜ್ಮಾ’ ನಮಗೆ ಅರಬರಿಂದ ನೇರವಾಗಿ ಬರಲಿಲ್ಲ. ಶಬ್ದವು ಹೇಳುವುದು ಇಷ್ಟೇ: ಜನರು ಆ ವಸ್ತುವನ್ನು ಯಾರ ಕೈಯಿಂದ ಪಡೆದರು, ಅಥವಾ ತಾವು ಬಲ್ಲ ಯಾವ ವಸ್ತುವಿನೊಡನೆ ಅದನ್ನು ಹೋಲಿಸಿದರು ಎಂಬುದನ್ನು. ಮಿಕ್ಕುದಕ್ಕೆ ದಾಖಲೆಯೇ ಬೇಕು.

ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಆಫ್‌ಸೆಟ್ ಮುದ್ರಣವೂ ಗಣಕಯಂತ್ರವೂ ಮೊಳೆಯ ಕಸುಬನ್ನು ಹಿಂದಕ್ಕೆ ತಳ್ಳಿದುವು. ಹಳೆಯ ಮಾತುಗಳಲ್ಲಿ ಕೆಲವು ವೇಷ ಬದಲಿಸಿಕೊಂಡು ಬದುಕಿವೆ. ಗಣಕದ ‘ಫಾಂಟ್’ ಎಂಬುದು ಲೋಹವನ್ನು ಕರಗಿಸಿ ಎರಕ ಹೊಯ್ಯುವ ಅರ್ಥದ ಫ್ರೆಂಚ್ ಮಾತಿನಿಂದ ಬಂದುದು. ಸಾಲುಗಳ ನಡುವಣ ಅಂತರಕ್ಕೆ ಇಂದಿಗೂ ‘ಲೆಡಿಂಗ್’ ಎನ್ನುವುದು ಅಲ್ಲಿ ಇಡುತ್ತಿದ್ದ ಸೀಸದ ಪಟ್ಟಿಯಿಂದ. ಆದರೆ ಕನ್ನಡದ ಕೆಲಸಗಾರರು ತಮ್ಮತಮ್ಮಲ್ಲಿ ಆಡಿಕೊಳ್ಳುತ್ತಿದ್ದ ಮಾತುಗಳಿಗೆ ಆ ಭಾಗ್ಯವಿಲ್ಲ. ಅವು ನಿಘಂಟುಗಳನ್ನು ಪೂರ್ತಿಯಾಗಿ ಸೇರಿಲ್ಲ. ಅವನ್ನು ಬಲ್ಲವರು ಈಗ ವೃದ್ಧರು.

ಆದುದರಿಂದ ಕಾಲೇಜುಗಳ ಅಧ್ಯಾಪಕ ಮಿತ್ರರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಊರಿನಲ್ಲಿ ಮೊಳೆ ಜೋಡಿಸಿ ಬದುಕಿದವರೊಬ್ಬರಾದರೂ ಇರಬಹುದು. ವಿದ್ಯಾರ್ಥಿಗಳನ್ನು ಅವರ ಬಳಿಗೆ ಕಳುಹಿಸಿ, ಪ್ರತಿಯೊಂದು ಉಪಕರಣದ ಹೆಸರು, ಆ ಊರಿನ ಉಚ್ಚಾರಣೆ, ರೀಮಿನ ಎಣಿಕೆ, ಫಾರಮಿನ ಪುಟಸಂಖ್ಯೆ, ಕಲಿಸಿದ ಗುರು ಯಾವ ಊರಿನಿಂದ ಬಂದವನು ಎಂಬೀ ವಿವರಗಳನ್ನು ಬರೆದಿಡಿಸಬೇಕು. ಇದಕ್ಕೆ ಹಣ ಬೇಡ. ಒಂದು ಸಂಜೆ, ಎರಡು ದಸ್ತಾ ಕಾಗದ ಸಾಕು. ಮೊಳೆಗಳು ಸೀಸದ ಬೆಲೆಗೆ ಹೋದುವು. ಅವುಗಳ ಹೆಸರುಗಳಾದರೂ ಹಾಗೆ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.